ವೇಗ ಕೇಳುವ ಮೊದಲು ಜಾಗ ಕೇಳಿ

ನಮ್ಮ ಪ್ರಯೋಗಾಲಯಕ್ಕೆ ಹೊಸದಾಗಿ ಸೇರುವವರು ಆಘಾತ ತರಂಗದ, ಅಂದರೆ ಶಬ್ದಕ್ಕಿಂತ ಬೇಗ ಓಡುವ ಒತ್ತಡದ ಅಲೆಯ, ವೇಗವನ್ನು ಸೂತ್ರದಿಂದ ಲೆಕ್ಕ ಹಾಕಿಕೊಂಡೇ ಬರುತ್ತಾರೆ. ಆ ತರಂಗ ಹುಟ್ಟಿಸುವುದು ಶಾಕ್ ಟ್ಯೂಬ್ ಎಂಬ ಕೊಳವೆಯಲ್ಲಿ: ಹೆಚ್ಚು ಒತ್ತಡದ ಅನಿಲವನ್ನೂ ಕಡಿಮೆ ಒತ್ತಡದ ಅನಿಲವನ್ನೂ ಡಯಾಫ್ರಮ್ ಎಂಬ ತೆಳು ಹಾಳೆಯಿಂದ ಬೇರ್ಪಡಿಸಿಟ್ಟು, ಆ ಹಾಳೆಯನ್ನು ಒಡೆಯುತ್ತೇವೆ. 100 ಮಿಲಿಮೀಟರ್ ವ್ಯಾಸದ ಕೊಳವೆಯಲ್ಲಿ ಆ ಲೆಕ್ಕ ಬಹುಮಟ್ಟಿಗೆ ಸರಿಹೋಗುತ್ತದೆ. 1 ಮಿಲಿಮೀಟರ್ ಕೊಳವೆಯಲ್ಲಿ ಅದೇ ಸೂತ್ರ ಕೈಕೊಡುತ್ತದೆ.

ಡಯಾಫ್ರಮ್ ಒಡೆದ ಕೂಡಲೇ ತರಂಗ ಸಿದ್ಧವಾಗಿ ಹೊರಡುವುದಿಲ್ಲ. ಹಾಳೆ ಸೀಳಿ ಪೂರ್ತಿ ತೆರೆದುಕೊಳ್ಳಲು ಹೊತ್ತು ಬೇಕು. ಅಷ್ಟರಲ್ಲಿ ಸಣ್ಣ ಒತ್ತಡದ ಅಲೆಗಳು ಒಂದರ ಹಿಂದೊಂದು ಹೊರಟಿರುತ್ತವೆ. ಮೊದಲು ಹೊರಟ ಅಲೆ ಗಾಳಿಯನ್ನು ಬಿಸಿ ಮಾಡಿ ಮುಂದಕ್ಕೆ ತಳ್ಳಿರುವುದರಿಂದ ಅದರ ಹಿಂದೆ ಬರುವ ಅಲೆ ಅದಕ್ಕಿಂತ ಬೇಗ ಓಡಿ ಅದನ್ನು ಸೇರಿಕೊಳ್ಳುತ್ತದೆ. ಎಲ್ಲವೂ ಒಂದಾದಾಗಲೇ ಕಡಿದಾದ ಮುಖ ಮೂಡುವುದು. ಕಿರಿದಾದ ಕೊಳವೆಯಲ್ಲಿ ತರಂಗ ಹೀಗೆ ಕೂಡಿಕೊಳ್ಳುತ್ತಿರುವಾಗಲೇ ಗೋಡೆ ಅದರ ಶಕ್ತಿಯನ್ನು ಕಸಿಯಲು ಆರಂಭಿಸಿರುತ್ತದೆ.

ಗೋಡೆ ಮಾಡುವುದೇನು? ಮ್ಯಾಕ್ 1.5ರ, ಅಂದರೆ ಶಬ್ದದ ಒಂದೂವರೆ ಪಟ್ಟು ವೇಗದ, ತರಂಗವನ್ನು ತೆಗೆದುಕೊಳ್ಳಿ. ಸಾಮಾನ್ಯ ಉಷ್ಣತೆಯ ಗಾಳಿಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 515 ಮೀಟರ್. ಅದರ ಹಿಂದೆ ಒತ್ತಡ ಸುಮಾರು 2.46 ಪಟ್ಟು ಏರುತ್ತದೆ, ಗಾಳಿ ಸೆಕೆಂಡಿಗೆ ಸುಮಾರು 240 ಮೀಟರ್ ವೇಗದಲ್ಲಿ ಬೆನ್ನಟ್ಟಿ ಬರುತ್ತದೆ. ಆದರೆ ಗೋಡೆಗೆ ಅಂಟಿದ ಗಾಳಿ ಕದಲುವುದಿಲ್ಲ. ಹೀಗೆ ಗೋಡೆಯುದ್ದಕ್ಕೂ ನಿಧಾನಗತಿಯ ಗಡಿ ಪದರ ಬೆಳೆಯುತ್ತದೆ, ಬಿಸಿ ಗೋಡೆಗೆ ಸೋರುತ್ತದೆ. ಇದು ಎಲ್ಲ ಕೊಳವೆಗಳಲ್ಲೂ ಆಗುವುದೇ. ಆದರೆ ಅನಿಲದ ಗಾತ್ರಕ್ಕೆ ಹೋಲಿಸಿದರೆ 1 ಮಿಲಿಮೀಟರ್ ಕೊಳವೆಯಲ್ಲಿ ಗೋಡೆಯ ಪಾಲು 100 ಮಿಲಿಮೀಟರ್ ಕೊಳವೆಗಿಂತ ನೂರು ಪಟ್ಟು ಹೆಚ್ಚು. ತರಂಗ ಸಾಗುತ್ತ ಸಾಗುತ್ತ ಸೊರಗುತ್ತದೆ. ಅದರ ಹಿಂದಿನ ಅನಿಲ ಗಡಿ ಪದರದ ಮೂಲಕ ಹಿಂದಕ್ಕೆ ಜಾರುವುದರಿಂದ, ಎರಡು ಅನಿಲಗಳು ಸಂಧಿಸುವ ಮೇಲ್ಮೈ ವೇಗ ಹೆಚ್ಚಿಸಿಕೊಂಡು ತರಂಗವನ್ನು ಸಮೀಪಿಸುತ್ತದೆ. ಇವೆರಡರ ನಡುವೆ ಪ್ರಯೋಗಕ್ಕೆ ಬೇಕಾದ ಬಿಸಿ ಅನಿಲದ ಉದ್ದ ಅಷ್ಟರಮಟ್ಟಿಗೆ ಕಡಿಮೆ.

ಆದ್ದರಿಂದ ಯಾರಾದರೂ ವೇಗ ಇಷ್ಟು ಬಂತು ಎಂದರೆ, ಡಯಾಫ್ರಮ್‌ನಿಂದ ಎಷ್ಟು ದೂರದಲ್ಲಿ ಎಂದು ಕೇಳುತ್ತೇನೆ. ಒಂದೇ ಜೋಡಿ ಸೆನ್ಸರ್ ಇಟ್ಟು ಪಡೆದ ಅಂಕಿ ಆ ತುಣುಕಿನ ಸರಾಸರಿ ಮಾತ್ರ. ಕೊಳವೆಯುದ್ದಕ್ಕೂ ಮೂರು ನಾಲ್ಕು ಕಡೆ ಸೆನ್ಸರ್ ಇಟ್ಟರೆ ಇಳಿಕೆ ಕಣ್ಣಿಗೆ ಕಾಣುತ್ತದೆ.

ಸೆನ್ಸರ್ ವಿಷಯದಲ್ಲೂ ಒಂದು ತೊಡಕಿದೆ. ಸೆನ್ಸರ್‌ನ ಮುಖ 5 ಮಿಲಿಮೀಟರ್ ಅಗಲವಿದ್ದರೆ ಸೆಕೆಂಡಿಗೆ 500 ಮೀಟರ್ ವೇಗದ ತರಂಗ ಅದನ್ನು ದಾಟಲು 10 ಮೈಕ್ರೋಸೆಕೆಂಡ್ ಹಿಡಿಯುತ್ತದೆ. ಪರದೆಯ ಮೇಲೆ ನೆಟ್ಟಗೆ ಏರಬೇಕಾದ ಗೆರೆ ಓರೆಯಾಗಿ ಏರುತ್ತದೆ. ಅದನ್ನು ನೋಡಿ ತರಂಗವೇ ಅಗಲವಾಗಿದೆ ಎಂದು ಬರೆದ ವರದಿಗಳನ್ನು ನಾನು ವಾಪಸು ಕಳಿಸಿದ್ದೇನೆ. ತರಂಗದ ಮುಖದ ನಿಜವಾದ ದಪ್ಪ ಸಾಮಾನ್ಯ ಒತ್ತಡದಲ್ಲಿ ಒಂದು ಮೈಕ್ರೋಮೀಟರ್ ಕೂಡ ಇರುವುದಿಲ್ಲ. ಇನ್ನು ಅಷ್ಟು ಅಗಲದ ಸೆನ್ಸರನ್ನು 1 ಮಿಲಿಮೀಟರ್ ಕೊಳವೆಯ ಗೋಡೆಗೆ ಸಮನಾಗಿ ಕೂರಿಸುವುದಂತೂ ಆಗದ ಮಾತು.

ಇದಕ್ಕೆ ಬಳಸುವ ಉಪಾಯ ಹಳೆಯದು, ನನಗೆ ಇಷ್ಟವಾದದ್ದು. ಒತ್ತಡ ಇಳಿಸಿದರೆ ದೊಡ್ಡ ಕೊಳವೆಯೂ ಕಿರಿದಾದ ಕೊಳವೆಯಂತೆ ವರ್ತಿಸುತ್ತದೆ. ಸಂಶೋಧಕ ರಸೆಲ್ ಡಫ್ 1959ರಲ್ಲಿ ಪ್ರಕಟಿಸಿದ ಕೆಲಸವೂ ಕಡಿಮೆ ಒತ್ತಡದ ಶಾಕ್ ಟ್ಯೂಬ್‌ ಕುರಿತದ್ದೇ. 10 ಮಿಲಿಮೀಟರ್ ವ್ಯಾಸದ, ಹತ್ತು ಪಟ್ಟು ಉದ್ದದ ಕೊಳವೆಯಲ್ಲಿ ಒತ್ತಡವನ್ನು ಹತ್ತನೇ ಒಂದಕ್ಕೆ ಇಳಿಸಿ ಅಳೆದರೆ 1 ಮಿಲಿಮೀಟರ್ ಕೊಳವೆಯ ಗೋಡೆ ಪ್ರಭಾವ ಹೆಚ್ಚುಕಡಿಮೆ ಸಿಗುತ್ತದೆ. ಡಯಾಫ್ರಮ್ ತೆರೆದುಕೊಳ್ಳುವ ಅವಧಿ ಮಾತ್ರ ಈ ಅನುಪಾತಕ್ಕೆ ಒಗ್ಗುವುದಿಲ್ಲ. ಅದನ್ನು ಪ್ರತಿ ಕೊಳವೆಗೂ ಬೇರೆಯಾಗಿಯೇ ಅಳೆಯಬೇಕು.