ವರದೆಯ ದಂಡೆಯ ಹಣ್ಣೆಲೆಗಳು: ಯುಗಾದಿಯವರೆಗಿನ ಪ್ರಗತಿ

ಕರ್ಜಗಿಯ ಬಳಿ ವರದಾ ನದಿಯ ದಂಡೆಯಲ್ಲಿ ಬೆಳೆದಿರುವ ಹೊಳೆಮತ್ತಿ ಹಾಗೂ ಹೊಂಗೆ ಮರಗಳು ಎಲೆ ಉದುರಿಸುವ ಮೊದಲು ಅದರೊಳಗಿನ ಪೋಷಕಾಂಶಗಳನ್ನು ಹೇಗೆ ಹಿಂದಕ್ಕೆ ಪಡೆಯುತ್ತವೆ ಎಂಬುದನ್ನು ಸಾಮಾನ್ಯ ಸಲಕರಣೆಗಳಿಂದ ಎಷ್ಟರಮಟ್ಟಿಗೆ ಗುರುತಿಸಬಹುದೆಂದು ನೋಡುವುದು ಈ ಹವ್ಯಾಸಿ ಕೆಲಸದ ಉದ್ದೇಶ. ಹೊಳೆಮತ್ತಿಯ ಎಲೆಗಳು ಈ ವರ್ಷದ ಮಟ್ಟಿಗೆ ಬಹುತೇಕ ಉದುರಿ ಮುಗಿದಿರುವುದರಿಂದ ಇಲ್ಲಿಯವರೆಗಿನ ಸಂಗತಿಗಳನ್ನು ಬರೆದಿಡುತ್ತಿದ್ದೇನೆ.

ಶಿವರಾತ್ರಿಯ ವೇಳೆಗೆ ಕೈಗೆಟಕುವ ಕೊಂಬೆಗಳಲ್ಲಿ ಎಲೆಗಳನ್ನು ಆರಿಸಿ ತೊಟ್ಟಿಗೆ ಬಣ್ಣದ ದಾರ ಕಟ್ಟಿದ್ದೆ. ಹೊಳೆಮತ್ತಿಯ ಎಲೆಯ ಬುಡದಲ್ಲಿ, ತೊಟ್ಟು ಸೇರುವ ಕಡೆ, ಎರಡು ಸಣ್ಣ ಗ್ರಂಥಿಗಳಿರುತ್ತವೆ. ದಾರ ಅವುಗಳಿಗಿಂತ ಕೆಳಗೆ, ಸಡಿಲವಾಗಿ ನಿಲ್ಲಬೇಕು. ಭತ್ತಕ್ಕೆ ಯೂರಿಯಾ ಯಾವಾಗ ಕೊಡಬೇಕೆಂದು ನೋಡಲು ಬಳಸುವ ಎಲೆ ಬಣ್ಣದ ಪಟ್ಟಿಯನ್ನು ಹಾನಗಲ್ಲಿನ ಮಾವನವರಿಂದ ತಂದು, ಪ್ರತಿ ಭೇಟಿಯಲ್ಲೂ ಎಲೆಯ ಪಕ್ಕದಲ್ಲಿ ಹಿಡಿದು ಬಣ್ಣದ ಅಂಕ ಬರೆದುಕೊಂಡೆ. ಆ ಪಟ್ಟಿಯನ್ನು ಮಾಡಿರುವುದು ಭತ್ತಕ್ಕೆ, ಮರಕ್ಕಲ್ಲ. ಆದ್ದರಿಂದ ಅದು ಹೇಳುವ ಅಂಕಕ್ಕಿಂತ, ಒಂದೇ ಎಲೆಯ ಅಂಕ ಇಳಿದ ಕ್ರಮವೇ ನನಗೆ ಉಪಯುಕ್ತವೆನಿಸಿತು.

ಬಣ್ಣದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಎಲೆಯ ಸಾರಜನಕದ ಸುಮಾರು ಮುಕ್ಕಾಲು ಪಾಲು ಹರಿತ್ತುಕಣಗಳಲ್ಲಿ, ಅದರಲ್ಲೂ ಹೆಚ್ಚಾಗಿ ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ರೂಬಿಸ್ಕೋ ಎಂಬ ಪ್ರೋಟೀನಿನಲ್ಲಿ ಇರುತ್ತದೆ. ಎಲೆ ಮುಪ್ಪಾದಂತೆ ಈ ಪ್ರೋಟೀನುಗಳು ಒಡೆದು ಅಮೈನೋ ಆಮ್ಲಗಳಾಗಿ, ಆಹಾರ ಸಾಗಿಸುವ ಫ್ಲೋಯೆಮ್ ನಾಳಗಳ ಮೂಲಕ ಕೊಂಬೆಗೂ ಕಾಂಡಕ್ಕೂ ಹೋಗುತ್ತವೆ. ಪತ್ರಹರಿತ್ತೂ ಅದೇ ಹೊತ್ತಿಗೆ ಒಡೆಯುತ್ತದೆ. ಆದರೆ ಅದರ ಅಣುವಿನಲ್ಲಿರುವ ಅಲ್ಪ ಸಾರಜನಕವು ಹೊರಗೆ ಹೋಗದೆ ಎಲೆಯ ಜೀವಕೋಶಗಳೊಳಗಿನ ರಸ ತುಂಬಿದ ಚೀಲವಾದ ರಸಧಾನಿಯಲ್ಲಿಯೇ ಉಳಿಯುತ್ತದೆ. ಹಸಿರು ಮಾಸುವುದು ಸಾರಜನಕ ಹೊರಡುತ್ತಿರುವುದರ ಸೂಚನೆಯೇ ಹೊರತು ಅದರ ಅಳತೆಯಲ್ಲ. ಅರೆ ಹಣ್ಣಾದ ಎಲೆಯನ್ನು ಬಿಸಿಲಿಗೆ ಹಿಡಿದರೆ ಅಂಚುಗಳು ಹಳದಿಯಾಗಿದ್ದರೂ ನರಗಳ ಇಕ್ಕೆಲಗಳಲ್ಲಿ ಹಸಿರು ಇನ್ನೂ ಉಳಿದಿರುವುದು ಕಾಣುತ್ತದೆ. ಸಾಗಣೆಯ ದಾರಿಯ ಪಕ್ಕದ ಜೀವಕೋಶಗಳು ಕೊನೆಯವರೆಗೂ ಕೆಲಸ ಮಾಡಬೇಕಾಗಿರುವುದೇ ಇದಕ್ಕೆ ಕಾರಣ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ನೋಟವೂ ಇದೇ.

ಹೋಳಿ ಹುಣ್ಣಿಮೆಯ ನಂತರ ತೂಕದ ಕೆಲಸ ಆರಂಭವಾಯಿತು. ಮುಟ್ಟಿದರೆ ಕಳಚಿಕೊಳ್ಳುವ ಹಣ್ಣೆಲೆ ಮತ್ತು ಅದೇ ಕೊಂಬೆಯ ಹಸಿರೆಲೆ, ಎರಡರಿಂದಲೂ ಕಚೇರಿಯಲ್ಲಿ ಕಾಗದ ತೂತು ಮಾಡುವ ಪಂಚಿನಿಂದ, ದಪ್ಪ ನರಗಳನ್ನು ಬಿಟ್ಟು, ಬಿಲ್ಲೆಗಳನ್ನು ಕತ್ತರಿಸಿ ಒಣಗಿಸಿದೆ. ಒಂದೊಂದು ಬಿಲ್ಲೆ ಕೆಲವೇ ಮಿಲಿಗ್ರಾಂ ತೂಗುವುದರಿಂದ ನೂರು ಬಿಲ್ಲೆಗಳನ್ನು ಒಟ್ಟಿಗೆ ಹಾಕಬೇಕು. ಪರಿಚಯದ ಪತ್ತಾರರು ತಮ್ಮ ಮಿಲಿಗ್ರಾಂ ತಕ್ಕಡಿಯನ್ನು ಮಧ್ಯಾಹ್ನದ ಬಿಡುವಿನಲ್ಲಿ ಬಳಸಲು ಕೊಟ್ಟರು. ಚಿನ್ನದ ತಟ್ಟೆಯಲ್ಲಿ ತರಗೆಲೆ ತೂಗಿದ್ದನ್ನು ನೋಡಿ ಗಿರಾಕಿಗಳು ಕೇಳಿದ ಪ್ರಶ್ನೆಗಳಿಗೆ ಉತ್ತರಿಸಿದ್ದು ಅವರೇ. ನಿರೀಕ್ಷಿಸಿದಂತೆ ಹಣ್ಣೆಲೆಯ ಬಿಲ್ಲೆಗಳು ಹಗುರವಾಗಿದ್ದವು.

ಈ ಹಗುರತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಮುಂದಿನ ಫಲಿತಾಂಶವೆಲ್ಲ ತಪ್ಪುತ್ತದೆ. ಎಲೆಯಿಂದ ಸಾರಜನಕದ ಜೊತೆಗೆ ಸಕ್ಕರೆ ಮತ್ತಿತರ ಇಂಗಾಲದ ಅಂಶಗಳೂ ಹೊರಹೋಗುವುದರಿಂದ ಒಟ್ಟು ತೂಕವೇ ಇಳಿದಿರುತ್ತದೆ. ಹೀಗಿರುವಾಗ ಶೇಕಡಾವಾರು ಸಾರಜನಕವನ್ನು ಮಾತ್ರ ಹೋಲಿಸಿದರೆ ಮರ ಹಿಂಪಡೆದದ್ದು ನಿಜಕ್ಕಿಂತ ಕಡಿಮೆ ಎಂದು ತೋರುತ್ತದೆ. ಮುಪ್ಪಿನಲ್ಲಿ ಎಲೆಯ ವಿಸ್ತೀರ್ಣವೂ ಸ್ವಲ್ಪ ಕುಗ್ಗುವುದರಿಂದ, ದಾರ ಕಟ್ಟಿದ ಎಲೆಗಳ ಅಂಚನ್ನು ಮೊದಲು ಮತ್ತು ಕೊನೆಗೆ ಗ್ರಾಫ್ ಹಾಳೆಯ ಮೇಲೆ ಗೀಚಿಟ್ಟುಕೊಂಡಿದ್ದೇನೆ. ಕ್ಯಾಲ್ಸಿಯಂ ಅನ್ನು ಆಧಾರವಾಗಿಟ್ಟುಕೊಂಡು ಉಳಿದ ಅಂಶಗಳನ್ನು ಅದಕ್ಕೆ ಹೋಲಿಸುವ ಇನ್ನೊಂದು ವಿಧಾನವೂ ಇದೆ: ಅದು ಫ್ಲೋಯೆಮ್ ನಾಳಗಳಲ್ಲಿ ಹಿಂದಕ್ಕೆ ಹೋಗಲಾರದೆ ಎಲೆಯಲ್ಲೇ ಉಳಿಯುತ್ತದೆ. ಪೊಟ್ಯಾಷಿಯಂ ಇದಕ್ಕೆ ತದ್ವಿರುದ್ಧ. ಒಂದು ಮಳೆ ಬಿದ್ದರೂ ತೊಳೆದುಹೋಗುತ್ತದೆ. ಆದ್ದರಿಂದ ನೆಲಕ್ಕೆ ಬಿದ್ದ ಎಲೆಗಳನ್ನು ನಾನು ಮುಟ್ಟಿಲ್ಲ.

ಸಾರಜನಕದ ನಿಜವಾದ ಪ್ರಮಾಣಕ್ಕೆ ಪ್ರಯೋಗಾಲಯವೇ ಬೇಕು. 1996ರಲ್ಲಿ ಕೀತ್ ಕಿಲ್ಲಿಂಗ್‌ಬೆಕ್ ಎಂಬ ವಿಜ್ಞಾನಿ ಸೂಚಿಸಿದ ಮಟ್ಟದ ಪ್ರಕಾರ, ಉದುರುವ ಎಲೆಯಲ್ಲಿ ಸಾರಜನಕ ಶೇ. 0.7ಕ್ಕಿಂತ ಕಡಿಮೆ ಉಳಿದಿದ್ದರೆ ಮರ ಹಿಂಪಡೆಯಬಹುದಾದುದನ್ನೆಲ್ಲ ಪಡೆದಿದೆ ಎಂದು ತಿಳಿಯಬಹುದು. ಹೊಳೆಮತ್ತಿ ಈ ಮಟ್ಟದ ಹತ್ತಿರ ಬರಬಹುದೆಂಬುದು ನನ್ನ ಊಹೆ. ಹೊಂಗೆಯ ಬಗ್ಗೆ ಅಂಥ ನಿರೀಕ್ಷೆಯಿಲ್ಲ. ಬೇರಿನ ಗಂಟುಗಳಲ್ಲಿ ಬ್ಯಾಕ್ಟೀರಿಯಾಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಪಡೆಯುವ ಮರಗಳು ಹಳೆಯ ಎಲೆಯಲ್ಲಿ ಹೆಚ್ಚು ಸಾರಜನಕವನ್ನು ಬಿಟ್ಟುಬಿಡುವುದು ಸಾಮಾನ್ಯ. ಇಂಥ ಎಲೆಗಳು ನೀರಿಗೆ ಬಿದ್ದಾಗ ಶಿಲೀಂಧ್ರಗಳೂ ಕೀಟಗಳೂ ಅವುಗಳನ್ನು ಬೇಗ ಮುಗಿಸುತ್ತವೆ.

ನಮ್ಮ ರೈತರು ಹೊಂಗೆಯ ಹಸಿ ಸೊಪ್ಪನ್ನು ಕಡಿದು ಗದ್ದೆಗೆ ತುಳಿಸುವುದರ ತರ್ಕವೂ ಇಲ್ಲಿ ಸ್ಪಷ್ಟವಾಗುತ್ತದೆ. ಹಸಿ ಹೊಂಗೆ ಸೊಪ್ಪಿನ ಒಣತೂಕದಲ್ಲಿ ಸಾರಜನಕ ಶೇ. 3ಕ್ಕಿಂತ ತುಸು ಹೆಚ್ಚೆಂದು ಕೃಷಿ ಪಠ್ಯಗಳು ಹೇಳುತ್ತವೆ. ಮರ ಅದನ್ನು ಹಿಂಪಡೆಯಲು ಆರಂಭಿಸುವ ಮೊದಲೇ ಕಡಿದರೆ ಆ ಪಾಲು ಗದ್ದೆಗೆ ಸೇರುತ್ತದೆ. ಗುಡಿಸಿ ತಂದ ತರಗೆಲೆಗೆ ಅದೇ ಬೆಲೆ ಕಟ್ಟುವುದು ಸರಿಯಲ್ಲ.

ಮುಂದಿನ ಹಂತವಾಗಿ ಎರಡೂ ಮರಗಳ ಹಸಿರು, ಅರೆ ಹಣ್ಣು, ಹಣ್ಣು ಎಲೆಗಳನ್ನು ಬೇರೆ ಬೇರೆ ಕಾಗದದ ಚೀಲಗಳಲ್ಲಿ ಒಣಗಿಸಿ, ಸಾರಜನಕ ಮತ್ತು ಕ್ಯಾಲ್ಸಿಯಂ ಪರೀಕ್ಷೆಗೆ ಕಳುಹಿಸಲಿದ್ದೇನೆ. ರಂಜಕದ ಪರೀಕ್ಷೆಯನ್ನೂ ಸೇರಿಸುವ ಮನಸ್ಸಿದೆ, ಏಕೆಂದರೆ ಪ್ರವಾಹ ತಂದು ಬಿಡುವ ಗೋಡು ಮಣ್ಣಿನಲ್ಲಿ ನಿಂತ ಮರಕ್ಕೂ ದಂಡೆಯ ಮೇಲ್ಭಾಗದ ಮರಕ್ಕೂ ವ್ಯತ್ಯಾಸವಿದ್ದರೆ ಅದು ರಂಜಕದಲ್ಲಿಯೇ ಕಾಣಿಸಬಹುದು. ಮೇಲ್ಭಾಗದಲ್ಲಿ ಇನ್ನೂ ಎಲೆ ಹೊತ್ತಿರುವ ಒಂದು ಹೊಳೆಮತ್ತಿ ಸಿಕ್ಕಿದೆ. ಅದರ ಎಲೆಗಳಿಗೆ ಈ ವಾರ ದಾರ ಕಟ್ಟಬೇಕು.