ಒಂದು ಟಿಕ್, ಎರಡು ಟಿಕ್: ನಮ್ಮ ಕಿರುಚಿತ್ರ ಎಲ್ಲಿಗೆ ಬಂತು

ಮನೆಯ ದೃಶ್ಯವೊಂದು ಬಿಟ್ಟರೆ ತೀರ್ಥಹಳ್ಳಿ ಕಡೆಯ ಶೂಟಿಂಗ್ ಮುಗಿದಿದೆ. ರಫ್ ಕಟ್, ಅಂದರೆ ಮೊದಲ ಒರಟು ಜೋಡಣೆ, ಅರ್ಧ ಗಂಟೆ ದಾಟುತ್ತಿದೆ, ಇನ್ನೂ ಕೊರೆಯಬೇಕು. ಹೊಸದಾಗಿ ಓದುತ್ತಿರುವವರಿಗೆ ಕಥೆ ಚುಟುಕಾಗಿ: ಸೆಕೆಂಡ್ ಪಿಯುಸಿ, ಸೈನ್ಸ್. ಚೇತನ್, ಪವನ್ ಇಬ್ಬರೂ ಲ್ಯಾಬ್‌ನಲ್ಲಿ ಒಂದೇ ಬ್ಯಾಚ್, ಒಂದೇ ಟೇಬಲ್. ದಸರಾ ರಜೆ ಮುಗಿಯುವಷ್ಟರಲ್ಲಿ ಪವನ್ ಆತ್ಮಹತ್ಯೆಯಿಂದ ಜೀವ ಕಳೆದುಕೊಂಡಿದ್ದಾನೆ. ಚಿತ್ರ ಶುರುವಾಗುವುದು ಅಲ್ಲಿಂದ ಮುಂದೆ, ಕಾಲೇಜು ಬಾಗಿಲು ತೆರೆದ ದಿನ.

ತಂಡದಲ್ಲಿ ಅತಿ ಹೆಚ್ಚು ಜಗಳವಾಗಿದ್ದು ಕಾರಣದ ವಿಷಯಕ್ಕೆ. ‘ಯಾಕೆ ಸತ್ತ ಅಂತ ಹೇಳದಿದ್ರೆ ನೋಡೋರು ಬೈತಾರೆ’ ಅಂತ ಕ್ಯಾಮೆರಾ ಹಿಡಿಯುವ ಗೆಳೆಯ. ಹೇಳಬಾರದು ಅಂತ ನನ್ನ ಹಟ. ಮಾರ್ಕ್ಸ್ ಕಮ್ಮಿ ಬಂತು ಅಂತ ತೋರಿಸಿದೆವು ಅಂದುಕೊಳ್ಳಿ, ಅಷ್ಟೇ ಮಾರ್ಕ್ಸ್ ತೆಗೆದ ಹುಡುಗನೊಬ್ಬ ನೋಡುವವರ ನಡುವೆ ಕೂತಿರುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಿನಿಮಾ, ನಾಟಕ ಮಾಡುವವರಿಗೆಂದೇ ಒಂದು ಕೈಪಿಡಿ ಹೊರತಂದಿದೆ. ಹೇಗೆ ಸತ್ತ ಅಂತ ತೋರಿಸಬೇಡಿ, ಒಂದೇ ಕಾರಣಕ್ಕೆ ಗಂಟು ಹಾಕಬೇಡಿ, ಕಷ್ಟ ದಾಟಿ ಬಂದವರನ್ನೂ ತೋರಿಸಿ ಅನ್ನುತ್ತದೆ ಅದು. ಕೊನೆಗೆ ಕಾರಣ ಹೇಳುವ ಕೆಲಸವನ್ನು ಊರವರಿಗೇ ಬಿಟ್ಟೆವು. ಬೇಕರಿಯಲ್ಲಿ ಒಂದು, ಬಸ್ಸಿನಲ್ಲಿ ಒಂದು, ಟ್ಯೂಷನ್ ಮೇಷ್ಟ್ರದು ಇನ್ನೊಂದು. ಯಾರ ಮಾತಿಗೂ ಚಿತ್ರ ಹೂಂ ಅನ್ನುವುದಿಲ್ಲ. ಚೇತನ್ ಪಪ್ಸ್ ತಿನ್ನುತ್ತಾ ಎಲ್ಲ ಕೇಳಿಸಿಕೊಂಡು ಎದ್ದು ಹೋಗುತ್ತಾನೆ.

ಸಾಯುವ ದೃಶ್ಯವನ್ನು ‘ಸೂಕ್ಷ್ಮವಾಗಿ’ ತೆಗೆಯೋಣ ಎಂಬ ಮಾತೂ ಬಂದಿತ್ತು. ಹದಿಹರೆಯದವರ ಬಗ್ಗೆ 2017ರಲ್ಲಿ ಬಂದ ಅಮೆರಿಕದ ಸರಣಿಯೊಂದರಿಂದ ಅಂಥದ್ದೇ ದೃಶ್ಯವನ್ನು ನೆಟ್‌ಫ್ಲಿಕ್ಸ್ 2019ರಲ್ಲಿ ತಾನೇ ಕತ್ತರಿಸಿ ಹಾಕಿದ ಸುದ್ದಿ ಓದಿಸಿದೆ. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ಚಿತ್ರಕ್ಕೆ ಬೆನ್ನೆಲುಬು ಸಿಕ್ಕಿದ್ದು ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಒಬ್ಬರ ಜಗುಲಿಯಲ್ಲಿ. ಇಂಥ ಸಾವಾದರೆ ಯುಡಿಆರ್ (ಅಸಹಜ ಸಾವಿನ ವರದಿ) ಆಗುತ್ತದೆ, ಮಹಜರು ಆಗುತ್ತದೆ, ಸತ್ತವರ ಜೊತೆ ಕೊನೆಯದಾಗಿ ಮಾತಾಡಿದವರ ಹೇಳಿಕೆ ತಗೊಳ್ತಾರೆ. ಇಷ್ಟು ಹೇಳಿ ಅವರು ‘ಫೋನ್ ನಾವು ತಗೊಂಡ್ ಹೋಗಿರ್ತೀವಲ್ಲ’ ಅಂದರು, ದೊಡ್ಡ ವಿಷಯವೇ ಅಲ್ಲ ಅನ್ನುವ ಹಾಗೆ. ಚೇತನ್ ರಾತ್ರಿ ಹೊತ್ತು ಪವನ್‌ಗೆ ವಾಟ್ಸಾಪ್ ಮಾಡುತ್ತಾನೆ ಅಂತ ಅಷ್ಟರಲ್ಲೇ ಬರೆದಿಟ್ಟಿದ್ದೆ. ‘ಲೋ, ಇವತ್ತು ಕೆಮಿಸ್ಟ್ರಿ ಮೇಡಂ ನಿನ್ ರೆಕಾರ್ಡ್ ಕೇಳಿದ್ರು ಮಾರಾಯ’ ಅನ್ನುವಂಥವು. ಎಲ್ಲಕ್ಕೂ ಒಂದೇ ಟಿಕ್. ವಾರಗಟ್ಟಲೆ ಒಂದೇ ಟಿಕ್. ಒಂದು ಸಂಜೆ ಬಸ್ ಸ್ಟಾಂಡಿನಲ್ಲಿ ನೋಡಿದರೆ ಅಷ್ಟೂ ಮೆಸೇಜಿಗೆ ಎರಡು ಟಿಕ್ ಬಿದ್ದಿವೆ.

ಆಗಿದ್ದಿಷ್ಟೆ: ಪವನ್‌ನ ಅಪ್ಪ ಠಾಣೆಯಲ್ಲಿ ಸಹಿ ಹಾಕಿ ಫೋನ್ ಬಿಡಿಸಿಕೊಂಡು ಬಂದು ಚಾರ್ಜಿಗೆ ಹಾಕಿದ್ದಾರೆ. ಅದನ್ನು ನೋಡುವವರಿಗೆ ಆಗಲೇ ಹೇಳುವುದಿಲ್ಲ, ಚೇತನ್‌ಗೂ ಗೊತ್ತಿಲ್ಲ. ಟಿಕ್ ನೀಲಿಯಾಗಲಿ ಅಂತ ಎಡಿಟರ್ ವಾದ. ಬೇಡ ಅಂದೆ, ತೀರಾ ಸಿನಿಮಾ ಆಗುತ್ತದೆ. ಆ ಅಪ್ಪ ಮೆಸೇಜು ತೆರೆಯುವವರಲ್ಲ. ಪರದೆಯ ಮೇಲೆ ಬಂದ ಹೆಸರು ನೋಡಿ ಮಾರನೇ ದಿನ ಫೋನ್ ಮಾಡಿ ‘ಒಂದ್ಸಲ ಮನೆಗ್ ಬಂದ್ಹೋಗೋ’ ಅನ್ನುವವರು. ಪವನ್‌ದೇ ನಂಬರಿನಿಂದ.

ಲ್ಯಾಬ್ ದೃಶ್ಯದಲ್ಲಿ ನಮ್ಮ ಬೆವರು ಇಳಿದಿದ್ದು ಪರ್ಮಾಂಗನೇಟ್ ಟೈಟ್ರೇಷನ್‌ಗೆ, ಅಂದರೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಟ್ಟು ಅಳೆಯುವ ಪ್ರಯೋಗಕ್ಕೆ. ಮೊದಲು ಪವನ್ ಬ್ಯುರೆಟ್ (ಹನಿ ಬಿಡುವ ಅಳತೆಗೊಳವೆ) ತಿರುಗಿಸುತ್ತಿದ್ದ, ಚೇತನ್ ಫ್ಲಾಸ್ಕ್ ಅಲ್ಲಾಡಿಸುತ್ತಿದ್ದ. ಈಗ ಎರಡೂ ಅವನ ಕೈಯಲ್ಲೇ. ತೆಳು ಗುಲಾಬಿ ಬಂದಾಗ ನಿಲ್ಲಿಸಬೇಕು. ಒಂದು ಹನಿ ಹೆಚ್ಚಾದರೆ ಬಣ್ಣ ಗಾಢವಾಗಿ ರೀಡಿಂಗ್ ಹಾಳು. ನಮ್ಮ ನಟ ಕಾಮರ್ಸ್‌ನವನು. ಪರ್ಮಾಂಗನೇಟ್‌ನ ಕಡುಬಣ್ಣದಲ್ಲಿ ಕೆಳಗಿನ ವಕ್ರ ಕಾಣುವುದಿಲ್ಲ, ಮೇಲಿನ ಅಂಚು ನೋಡಿಯೇ ರೀಡಿಂಗ್ ತಗೊಳ್ಳಬೇಕು ಅಂತ ಲ್ಯಾಬ್ ಅಟೆಂಡರ್ ಕೈ ಹಿಡಿದು ಕಲಿಸಿದರು. ತಮಾಷೆ ಅಂದರೆ, ಕಲಿತ ಮೇಲೆ ಅವನು ಬೇಕೆಂದರೂ ತಪ್ಪು ಮಾಡುತ್ತಿರಲಿಲ್ಲ! ಹನಿ ಹೆಚ್ಚು ಬೀಳಿಸಿಕೊಂಡು, ಸಿಂಕಿಗೆ ಸುರಿದು, ಮತ್ತೆ ಪಿಪೆಟ್ ಎತ್ತಿಕೊಳ್ಳುವ ಶಾಟ್ ಈಗ ಮಾತಿಲ್ಲದೆ ಪೂರ್ತಿ ಇದೆ. ಕಟ್‌ನಲ್ಲಿ ಬೇರೆ ಏನು ಹೋದರೂ ಇದನ್ನು ಮುಟ್ಟಲು ಬಿಡುವುದಿಲ್ಲ.

ಇನ್ನೊಂದು ಮುಖ್ಯ ದೃಶ್ಯ ಕ್ಲಾಸ್‌ಮೇಟ್ ರೇಖಾಳದ್ದು. ಬಸ್ಸಿಗೆ ಕಾಯುವಾಗ ಅವಳು ಚೇತನ್‌ಗೆ ‘ನಿಂಗೂ ಸಾಯ್ಬೇಕು ಅನ್ಸತ್ತಾ?’ ಅಂತ ನೇರ ಕೇಳುತ್ತಾಳೆ. ಇಂಥ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ನಮ್ಮಲ್ಲೂ ಇತ್ತು. ಚಿತ್ರಕಥೆ ಓದಿದ ಆಪ್ತಸಮಾಲೋಚಕಿ ಅದನ್ನು ತಳ್ಳಿಹಾಕಿದರು: ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ, ಎಷ್ಟೋ ಸಲ ಮನಸ್ಸು ಹಗುರಾಗುತ್ತದೆ. ಆದರೆ ಕೇಳಿದ ಮೇಲೆ ಉತ್ತರಕ್ಕೆ ಕಾಯಬೇಕು, ಅಂದರು. ಹಾಗಾಗಿ ಅಲ್ಲಿ ಬಸ್ಸು ಬಂದು ಹೋಗುತ್ತದೆ, ಇಬ್ಬರೂ ಹತ್ತುವುದಿಲ್ಲ. ‘ಒಂದೊಂದ್ಸಲ’ ಅನ್ನುತ್ತಾನೆ ಚೇತನ್. ಅವನು ಪಕ್ಕದಲ್ಲಿ ಕೂತಿರುವಾಗಲೇ ರೇಖಾ 14416ಕ್ಕೆ ಫೋನ್ ಹಚ್ಚಿ ‘ನಂಗಲ್ಲ, ನನ್ ಫ್ರೆಂಡ್‌ಗೆ’ ಅಂತ ಶುರು ಮಾಡುತ್ತಾಳೆ. ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ. ದಿನದ ಇಪ್ಪತ್ನಾಲ್ಕು ಗಂಟೆ, ಉಚಿತ, ಕನ್ನಡದಲ್ಲೂ ಮಾತಾಡಬಹುದು. ನಂಬರ್ ಬಂದರೆ ಸರ್ಕಾರಿ ಜಾಹೀರಾತಿನ ಹಾಗಿರುತ್ತದೆ ಅಂತ ಗೊಣಗಿದವರಿದ್ದರು. ಹದಿನೇಳರ ಹುಡುಗಿ ನಂಬರ್ ಒತ್ತಿ, ತಡವರಿಸಿ, ಕಟ್ ಮಾಡಿ, ಮತ್ತೆ ಒತ್ತುವುದನ್ನು ನೋಡಿದ ಮೇಲೆ ಗೊಣಗಾಟ ನಿಂತಿತು.

ನಟರೆಲ್ಲ ಹದಿನೆಂಟು ದಾಟಿದ ಡಿಗ್ರಿ ವಿದ್ಯಾರ್ಥಿಗಳು, ಬೇಕೆಂದೇ ಹಾಗೆ ಆರಿಸಿದ್ದು. ಭಾರದ ದೃಶ್ಯಗಳಾದ ದಿನ ಪ್ಯಾಕಪ್ ಆದ ಕೂಡಲೇ ಯಾರನ್ನೂ ಮನೆಗೆ ಕಳಿಸುತ್ತಿರಲಿಲ್ಲ. ಒಟ್ಟಿಗೆ ಊಟ, ಬೇಕಾದರೆ ಮಾತು, ಇಲ್ಲದಿದ್ದರೆ ಇಸ್ಪೀಟು.

ಇನ್ನು ಉಳಿದದ್ದು ಪವನ್ ಮನೆಯ ದೃಶ್ಯ. ಹೆಂಚಿನ ಮೇಲೆ ಮಳೆ ಸುರಿಯುವಾಗ ಲೈವ್ ಸೌಂಡ್ ಕನಸಿನ ಮಾತು, ಆದ್ದರಿಂದ ಮಳೆ ಬಿಡುವು ಕೊಟ್ಟ ಮೇಲೇ. ಅಪ್ಪನ ಪಾತ್ರದವರಿಗೆ ಒಂದೇ ಕೆಲಸ ಕೊಟ್ಟಿದ್ದೇನೆ: ಮಗನ ರೆಕಾರ್ಡ್ ಬುಕ್ಕಿಗೆ ಹಾಕಿದ ಬ್ರೌನ್ ಕವರ್ ಕಿತ್ತುಹೋಗಿದೆ, ಮಾತಾಡುತ್ತಾ ಅದನ್ನು ಬದಲಾಯಿಸಬೇಕು. ಆಮೇಲೆ ಡಾವಿಂಚಿ ಎಂಬ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಬಣ್ಣ ತಿದ್ದುವುದು, ಬಸ್ ಸ್ಟಾಂಡ್ ದೃಶ್ಯಕ್ಕೆ ಡಬ್ಬಿಂಗ್. ಮೊದಲ ಪ್ರದರ್ಶನ ಒಂದು ಕಾಲೇಜಿನ ಸೆಮಿನಾರ್ ಹಾಲ್‌ನಲ್ಲಿ. ಬೆಳಗಿನ ಹೊತ್ತಿಗೇ ಇಡಿ, ಮುಗಿದ ಮೇಲೆ ಮಕ್ಕಳ ಜೊತೆ ಮಾತಾಡಲು ಮಧ್ಯಾಹ್ನ ಪೂರ್ತಿ ಬೇಕು ಅಂತ ಸಮಾಲೋಚಕಿ ಷರತ್ತು ಹಾಕಿದ್ದಾರೆ. ಪ್ರಿನ್ಸಿಪಾಲರು ಒಂದು ಪೀರಿಯಡ್ ಅಷ್ಟೇ ಅನ್ನುತ್ತಿದ್ದಾರೆ. ಆ ಮಾತುಕತೆ ಸೋಮವಾರಕ್ಕಿದೆ.