ಒಂದು ಸೆಂಟಿಮೀಟರ್

ಇಂದು ನಸುಕಿನಲ್ಲಿ 1.2 ಕೆ.ಜಿ. ತೂಕದ ನವಜಾತ ಶಿಶುವಿನ ಹೊಕ್ಕುಳಿನ ಅಭಿಧಮನಿಗೆ ಕ್ಯಾತಿಟರ್ ಎಂಬ ತೆಳು ಕೊಳವೆ ಹಾಕಿದೆ.

ಅದನ್ನು ಎಷ್ಟು ಒಳಕ್ಕೆ ಹಾಕಬೇಕೆಂದು ತಿಳಿಯಲು ತೂಕವನ್ನು 3ರಿಂದ ಗುಣಿಸಿ, 9 ಕೂಡಿಸಿ, ಅರ್ಧ ಮಾಡಿ, ಮತ್ತೆ 1 ಸೇರಿಸುವ ಶುಕ್ಲಾ ಸೂತ್ರದಂತೆ 7.3 ಸೆಂ.ಮೀ. ಬಂದಿತು, ಹೊಕ್ಕುಳಬಳ್ಳಿಯ ಮೋಟಿನ ಉದ್ದವನ್ನೂ ಅದಕ್ಕೆ ಕೂಡಿಸಿದೆ. (ಅವಸರದಲ್ಲಿ ಮರೆತುಹೋಗುವುದು ಇದೇ.)

ಎಕ್ಸ್‌ರೇ ನೋಡಿದರೆ, ವಪೆಯ (ಎದೆ-ಹೊಟ್ಟೆಗಳ ನಡುವಿನ ಸ್ನಾಯುಪರದೆಯ) ಮಟ್ಟದಲ್ಲಿ, ಕೆಳ ಮಹಾಭಿಧಮನಿ ಎಂಬ ದೊಡ್ಡ ರಕ್ತನಾಳವು ಹೃದಯದ ಮೇಲಿನ ಕೋಣೆಯಾದ ಬಲ ಹೃತ್ಕರ್ಣವನ್ನು ಸೇರುವಲ್ಲಿ ನಿಲ್ಲಬೇಕಿದ್ದ ಕೊಳವೆಯ ತುದಿಯು ಹೃತ್ಕರ್ಣದೊಳಕ್ಕೇ ಇಣುಕಿತ್ತು.

ಹೊರಗೆಳೆಯಬಹುದು, ಆದರೆ ಒಮ್ಮೆ ಭದ್ರಪಡಿಸಿದ ಮೇಲೆ ಸೋಂಕಿನ ಭಯದಿಂದ ಮತ್ತೆ ಒಳಕ್ಕೆ ತಳ್ಳುವಂತಿಲ್ಲ. ಆದ್ದರಿಂದ ತುಸು ಹೆಚ್ಚಾದದ್ದೇ ವಾಸಿ ಎನ್ನಿಸಿತು.

ಸೂತ್ರದ ಕೊನೆಯಲ್ಲಿ ಸೇರಿಸಿದ್ದ ಆ 1 ಸೆಂಟಿಮೀಟರಿನಷ್ಟನ್ನೇ ಮೆಲ್ಲಗೆ ಹಿಂದಕ್ಕೆಳೆದು ಮತ್ತೆ ಹೊಲಿಗೆ ಹಾಕಿದೆ. ಮಗು ಮುಷ್ಟಿ ಬಿಗಿಹಿಡಿದು ಮಲಗಿತ್ತು.